ದಾಟಿದವರ ಋಣ

ಮೈಸೂರು ಸೀಮೆಯ ರೂಪವನ್ನು ಇಂಗ್ಲೆಂಡಿನ ಜನರಿಗೆ ಮೊದಲು ಪರಿಚಯಿಸಿದ್ದರಲ್ಲಿ ಅಚ್ಚಿನ ಚಿತ್ರಗಳ ಪಾಲು ದೊಡ್ಡದು. 1791 ಮತ್ತು 1792ರಲ್ಲಿ ಟಿಪ್ಪುವಿನ ಮೇಲೆ ನಡೆದ ದಂಡಯಾತ್ರೆಯ ಕಾಲದಲ್ಲಿ ರಾಬರ್ಟ್ ಹೋಮ್, ಅಲೆಕ್ಸಾಂಡರ್ ಅಲನ್, ರಾಬರ್ಟ್ ಕೋಲ್‌ಬ್ರೂಕ್, ಜೇಮ್ಸ್ ಹಂಟರ್ ಮುಂತಾದವರು ಈ ನಾಡಿನ ನೋಟಗಳನ್ನು ಬರೆದುಕೊಂಡರು. ಬೆಂಗಳೂರಿನ ಕೋಟೆ, ಸಾವನದುರ್ಗ, ಶ್ರೀರಂಗಪಟ್ಟಣ, ದೊಡ್ಡಬಳ್ಳಾಪುರದ ಬಳಿಯ ನಮ್ಮ ಬಾಶೆಟ್ಟಿಹಳ್ಳಿಯ ಸೀಮೆಗೆ ಹಿರಿಯನಂತೆ ನಿಂತಿರುವ ನಂದಿಬೆಟ್ಟ ಎಲ್ಲವೂ ಲಂಡನ್ನಿನ ಅಚ್ಚುಮನೆಗಳನ್ನು ಸೇರಿದವು. ಅಲ್ಲಿ ಕುಶಲಿಗಳು ಅವನ್ನು ತಾಮ್ರದ ತಗಡಿಗೆ ಇಳಿಸಿದರು. ಕೆಲವನ್ನು ಉಳಿಯಿಂದ ಗೀರಿದರು, ಕೆಲವನ್ನು ಆಮ್ಲದಲ್ಲಿ ಕೊರೆಯಿಸಿದರು. ಮಸಿ ಹಚ್ಚಿ ಅಚ್ಚೊತ್ತಿದ ಮೇಲೆ ಎಷ್ಟೋ ಹಾಳೆಗಳಿಗೆ ಕೈಯಿಂದ ಬಣ್ಣ ತುಂಬಿದರು.

ಇವರಲ್ಲಿ ಹಂಟರ್ 1792ರಲ್ಲೇ ತೀರಿಕೊಂಡ. ಅವನ ಚಿತ್ರಗಳು 'ಮೈಸೂರು ರಾಜ್ಯದ ರಮ್ಯ ದೃಶ್ಯಗಳು' ಎಂಬ ಅರ್ಥದ ಹೆಸರಿನಲ್ಲಿ ಲಂಡನ್ನಿನಿಂದ ಹೊರಬಂದದ್ದು 1804-05ರಲ್ಲಿ. ಅದೇ ಹೊತ್ತಿಗೆ, 1802ರಲ್ಲಿ ಆರಂಭವಾಗಿದ್ದ ಒಂದು ದೊಡ್ಡ ಕೆಲಸ ಶ್ರೀರಂಗಪಟ್ಟಣದಲ್ಲಿ ಮುಗಿದಿತ್ತು. ಕಾವೇರಿಯ ಉತ್ತರದ ಕವಲಿಗೆ ಅಡ್ಡವಾಗಿ ಕಲ್ಲಿನ ಸೇತುವೆಯೊಂದು ಎದ್ದು ನಿಂತಿತ್ತು. ಲಂಡನ್ನಿನಲ್ಲಿ ಪುಟ ತಿರುವಿದವರು ಹನ್ನೆರಡು ವರ್ಷ ಹಳೆಯ ಮೈಸೂರನ್ನು ನೋಡುತ್ತಿದ್ದರು. ಇಲ್ಲಿಯ ಜನ ಆಗಲೇ ಹೊಳೆಯ ಮೇಲೆ ನಡೆದು ಆಚೆ ದಡ ಸೇರುತ್ತಿದ್ದರು.

ಈ ಸೇತುವೆ ಬರುವ ಮುನ್ನ ಕಾವೇರಿ ಶ್ರೀರಂಗಪಟ್ಟಣಕ್ಕೆ ಏನಾಗಿತ್ತು ಎಂಬುದನ್ನು ನೆನೆಯಬೇಕು. ಅದು ಕೋಟೆಯ ಹೊರಗಿನ ಇನ್ನೊಂದು ಕೋಟೆಯಾಗಿತ್ತು. 1791ರ ಮೇ ತಿಂಗಳಲ್ಲಿ ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸ್ ಅರಕೆರೆಯವರೆಗೆ ಬಂದು, ಅಲ್ಲಿ ಗೆದ್ದೂ, ಮಳೆ ಮತ್ತು ಹಸಿವಿಗೆ ಸೋತು ಹಿಂದಿರುಗಿದ. ಎಳೆಯುವ ಎತ್ತುಗಳು ಸತ್ತು ಬಿದ್ದಿದ್ದವು. ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹೊರಡಬೇಕಾಯಿತು. 1799ರಲ್ಲಿ ಅದೇ ತಪ್ಪು ಆಗಬಾರದೆಂದು ಇಂಗ್ಲಿಷರು ಹೊಳೆ ತುಂಬುವುದಕ್ಕೆ ಮೊದಲೇ ಕೆಲಸ ಮುಗಿಸುವ ಅವಸರದಲ್ಲಿದ್ದರು. ಮೇ 4ರ ಮಧ್ಯಾಹ್ನ ಬಂಡೆಗಳ ನಡುವೆ ನೀರು ಇಳಿದಿದ್ದ ಪಾತ್ರದಲ್ಲೇ ಕಾಲ್ನಡೆಯಲ್ಲಿ ನುಗ್ಗಿದರು. ಆ ಸಂಜೆಯ ಹೊತ್ತಿಗೆ ಟಿಪ್ಪು ಇರಲಿಲ್ಲ. ಕಾವೇರಿಯಲ್ಲಿ ನೀರಿದ್ದರೆ ಬದುಕು, ಇಳಿದರೆ ಸಾವು ಎಂಬಂತೆ ಹೊಳೆಯನ್ನು ಅಳೆದ ಕಾಲ ಅದು.

ಅದಾದ ಮೂರೇ ವರ್ಷಕ್ಕೆ ಅದೇ ಹೊಳೆಯ ಪಾತ್ರದಲ್ಲಿ ಕಂಬ ನೆಡುವ ಕೆಲಸ ಶುರುವಾಯಿತು. ಮಾಡಿಸಿದವರು ದಿವಾನ್ ಪೂರ್ಣಯ್ಯ. ಹೈದರನ ಬಳಿ, ಟಿಪ್ಪುವಿನ ಬಳಿ ಕೆಲಸ ಮಾಡಿ, ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಮಗುವಾಗಿದ್ದಾಗ 1799ರಿಂದ 1811ರವರೆಗೆ ಆಡಳಿತ ನಡೆಸಿದವರು. ಒಡೆಯರು ಬದಲಾದಾಗಲೆಲ್ಲ ಸ್ಥಾನ ಉಳಿಸಿಕೊಂಡ ಜಾಣ ಎಂದು ಅವರನ್ನು ಹಳಿಯುವವರಿದ್ದಾರೆ. ಒಡೆಯ ಯಾರಾದರೂ ನಾಡಿನ ಕೆಲಸ ನಿಲ್ಲಬಾರದೆಂದು ದುಡಿದವರು ಎಂದು ಹೊಗಳುವವರೂ ಇದ್ದಾರೆ. ಎರಡರಲ್ಲೂ ಸತ್ಯದ ಅಂಶ ಇದ್ದೀತು. ಅವರು ಸೇತುವೆಗೆ ಇಟ್ಟ ಹೆಸರನ್ನೇ ನೋಡಿ: ಅಂದಿನ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರು. ಗೆದ್ದವನಿಗೆ ಹೆಸರು ಬಿಟ್ಟುಕೊಟ್ಟರು, ಊರಿನವರಿಗೆ ದಾರಿ ಕೊಟ್ಟರು. ಕಂಪನಿಯ ದಂಡು, ಗಾಡಿಗಳಿಗೂ ಅದೇ ದಾರಿ ಅನುಕೂಲವಾಯಿತು ಎಂಬುದನ್ನೂ ಮರೆಯುವಂತಿಲ್ಲ. ಲೋಕದ ಒಳ್ಳೆಯ ಕೆಲಸಗಳಲ್ಲಿ ಎಷ್ಟೋ ಹೀಗೆ ಬೆರಕೆಯ ಉದ್ದೇಶಗಳಿಂದಲೇ ಹುಟ್ಟುತ್ತವೆ. ಅಪ್ಪಟ ಪುಣ್ಯಕ್ಕಾಗಿ ಕಾದು ಕುಳಿತಿದ್ದರೆ ಕೆರೆಯೂ ಇರುತ್ತಿರಲಿಲ್ಲ, ಕಟ್ಟೆಯೂ ಇರುತ್ತಿರಲಿಲ್ಲ.

ಹೆಸರು ಪರದೇಶದ್ದಾದರೂ ಕಟ್ಟಿದ ಬಗೆ ಈ ನೆಲದ್ದು. ಹೊಳೆಯ ತಳದ ಬಂಡೆಯಲ್ಲೇ ಕುಳಿ ತೋಡಿ ಕಲ್ಲಿನ ಕಂಬಗಳನ್ನು ನಿಲ್ಲಿಸಿದ್ದಾರೆ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ದಾರಿ. ದೇವಸ್ಥಾನದ ಮಂಟಪ ಕಟ್ಟುವವರಿಗೆ ಗೊತ್ತಿದ್ದ ವಿದ್ಯೆ ಇಷ್ಟೇ, ಅದನ್ನೇ ಹರಿಯುವ ನೀರಿಗೆ ಇಳಿಸಿದರು. ಕಮಾನಿಲ್ಲ, ನುಣುಪಿಲ್ಲ, ನೋಡಿದರೆ ಒರಟು ಕೆಲಸ. ಆದರೆ ತೆಳುವಾದ ಕಂಬಗಳ ಸಾಲುಗಳ ನಡುವೆ ಪ್ರವಾಹ ನುಸುಳಿ ಹೋಗುತ್ತದೆ, ಏರಿ ಬಂದರೆ ಮೇಲೆಯೇ ಹರಿದು ಹೋಗುತ್ತದೆ. 1924ರಲ್ಲಿ ಕಾವೇರಿ ಕಣಿವೆಯನ್ನೆಲ್ಲ ನಡುಗಿಸಿದ ಮಹಾಪೂರವನ್ನೂ ಅದು ತಾಳಿಕೊಂಡಿತು.

ಅದೇ ಊರಿನಲ್ಲಿ ಇನ್ನೊಂದು ಕತೆಯಿದೆ. 1810ರ ಸುಮಾರಿಗೆ ಮದರಾಸಿನ ಎಂಜಿನಿಯರ್ ಥಾಮಸ್ ಡಿ ಹ್ಯಾವಿಲೆಂಡ್ ತನ್ನ ಮನೆಯ ತೋಟದಲ್ಲಿ ಇಟ್ಟಿಗೆಯ ಒಂದು ದೊಡ್ಡ ಕಮಾನು ಕಟ್ಟಿಸಿದ. ನೂರು ಅಡಿಗೂ ಮಿಕ್ಕ ಅಗಲಕ್ಕೆ ಒಂದೇ ಕಮಾನು. ಇಂಥವುಗಳಿಂದ ಕಾವೇರಿಗೆ ಸೇತುವೆ ಕಟ್ಟಬಹುದೆಂದು ತೋರಿಸುವ ಆಸೆ ಅವನದು. ಅದು ಅದ್ಭುತವೇ ಸರಿ. ಒಂದು ಶತಮಾನಕ್ಕೂ ಹೆಚ್ಚು ಕಾಲ ನಿಂತು 1930ರ ದಶಕದಲ್ಲಿ ಕುಸಿಯಿತು. ಅದರ ಕೆಳಗೆ ಹೊಳೆ ಹರಿಯಲಿಲ್ಲ, ಸಂತೆಗೆ ಹೋಗುವ ಗಾಡಿ ಅದರ ಮೇಲೆ ಸಾಗಲಿಲ್ಲ. ಜಾಣ್ಮೆಯನ್ನು ಮೆಚ್ಚಿಕೊಳ್ಳೋಣ. ಆದರೆ ಜನ ಋಣಿಯಾಗುವುದು ತಮ್ಮನ್ನು ದಾಟಿಸಿದ್ದಕ್ಕೆ ಮಾತ್ರ.

ಋಣ ಎಂದೊಡನೆ ಒಂದು ಗಾದೆ ಎದುರು ನಿಲ್ಲುತ್ತದೆ: ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಕೆಲಸ ಮುಗಿದ ಮೇಲೆ ಮುಖ ತಿರುಗಿಸುವವರನ್ನು ಚುಚ್ಚಲು ಹಿರಿಯರು ಬಳಸುವ ಮಾತು. ಹರಿಗೋಲಿನಲ್ಲಿ ದಾಟುವಾಗ ಅಂಬಿಗ ಎದುರಿಗೆ ಕುಳಿತಿರುತ್ತಿದ್ದ. ಅವನ ತೋಳಿನ ದಣಿವು ಕಣ್ಣಿಗೆ ಕಾಣುತ್ತಿತ್ತು. ಕೈಗೆ ಕಾಸು ಕೊಟ್ಟು ಇಳಿಯಬೇಕಿತ್ತು. ಕೊಡದೆ ಹೋದರೆ ಮರುದಿನ ಅವನೇ ಎದುರಾಗುತ್ತಿದ್ದ. ಸೇತುವೆ ಬಂದಮೇಲೆ ದಾಟಿಸುವವನು ಕಣ್ಮರೆಯಾದ. ಅವನ ಅನ್ನವೂ ಅಷ್ಟರಮಟ್ಟಿಗೆ ಹೋಯಿತು. ಬಂಡೆ ಸೀಳಿದವರು, ಎತ್ತುಗಳಿಂದ ಎಳೆಸಿದವರು, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಂಬ ನೆಟ್ಟವರು ಯಾರೂ ನಮ್ಮ ಎದುರು ಕೂರುವುದಿಲ್ಲ. ಕಾಸು ಕೇಳುವವರಿಲ್ಲ. ಹಾಗಾಗಿ ಋಣವೇ ಇಲ್ಲವೆಂದು ನಾವು ತಿಳಿದುಬಿಟ್ಟಿದ್ದೇವೆ. ಸೇತುವೆ ಮಾಡಿದ ದೊಡ್ಡ ಉಪಕಾರದಲ್ಲೇ ಈ ಅಪಾಯ ಅಡಗಿತ್ತು: ಅದು ದಾಟುವುದನ್ನು ಎಷ್ಟು ಸುಲಭ ಮಾಡಿತೆಂದರೆ, ನಾವು ಯಾರಿಂದಲೋ ದಾಟಿಸಲ್ಪಡುತ್ತಿದ್ದೇವೆ ಎಂಬ ಅರಿವೇ ಉಳಿಯಲಿಲ್ಲ.

ಆ ಋಣವನ್ನು ತೀರಿಸುವುದು ಹೇಗೆ? ಕಟ್ಟಿದವರು ಹೋದರು. ಅವರ ಮಕ್ಕಳ ವಿಳಾಸ ಗೊತ್ತಿಲ್ಲ. ಉತ್ತರವನ್ನು ನಮ್ಮ ಶಾಸನಗಳು ಸಾವಿರ ವರ್ಷಗಳಿಂದ ಕಲ್ಲಿನ ಮೇಲೆ ಹೇಳುತ್ತಲೇ ಬಂದಿವೆ. ಕರ್ನಾಟಕದ ದಾನಶಾಸನಗಳ ಕೊನೆಗೆ ಮತ್ತೆ ಮತ್ತೆ ಬರುವ ಸಂಸ್ಕೃತ ಶ್ಲೋಕಗಳಲ್ಲಿ ಒಂದರ ತಾತ್ಪರ್ಯ ಇದು: ಕೊಡುವುದು, ಕೊಟ್ಟದ್ದನ್ನು ಕಾಪಾಡುವುದು ಇವೆರಡರಲ್ಲಿ ಕಾಪಾಡುವುದೇ ಮೇಲು. ದಾನ ಕೊಟ್ಟ ಅರಸನೇ ತನ್ನ ಶಾಸನದಲ್ಲಿ ತನಗಿಂತ ಮುಂದಿನವನು ಹೆಚ್ಚಿನವನೆಂದು ಕೆತ್ತಿಸಿದ್ದಾನೆ! ಇದರಲ್ಲಿ ವಿನಯವೂ ಇದೆ, ವ್ಯವಹಾರಜ್ಞಾನವೂ ಇದೆ. ಕೊಡುವುದು ಒಂದು ದಿನದ ಉತ್ಸಾಹ, ಕಾಪಾಡುವುದು ತಲೆಮಾರುಗಳ ಬೇಸರದ ಕೆಲಸ ಎಂಬುದು ಅವನಿಗೆ ಗೊತ್ತಿತ್ತು. ಹಾಗೆಂದು ಬರಿಯ ಉಪದೇಶಕ್ಕೆ ನಿಲ್ಲಲಿಲ್ಲ. ಕೆರೆ ಕಟ್ಟಿಸಿದಾಗ ಅದರ ರಕ್ಷಣೆಗೆಂದು ಬಿತ್ತುವಟ್ಟವಾಗಿ ಭೂಮಿ ಬಿಟ್ಟರು. ತೂಬು ನೋಡಿಕೊಳ್ಳುವ ನೀರಗಂಟಿಗೆ ಪಾಲು ಗೊತ್ತುಮಾಡಿದರು. ಹೂಳೆತ್ತುವ ಬಂಡಿಗೆ, ಎತ್ತಿಗೆ ಸಹ ವೆಚ್ಚ ಎಲ್ಲಿಂದ ಬರಬೇಕೆಂದು ಬರೆಸಿಟ್ಟರು.

ಇದು ನಮ್ಮೊಬ್ಬರ ವಿವೇಕವೇನಲ್ಲ. ಲಂಡನ್ನಿನಲ್ಲಿ ಸೇತುವೆಯನ್ನು ನೋಡಿಕೊಳ್ಳುವುದಕ್ಕೆಂದೇ ಒಂದು ದತ್ತಿಯಿದೆ. ಅದರ ಆರಂಭವನ್ನು 1282ರ ರಾಜಾಜ್ಞೆಯಿಂದ ಎಣಿಸುತ್ತಾರೆ. ಜನ ಬಿಟ್ಟುಹೋದ ಜಮೀನು, ಮನೆ, ಬಾಡಿಗೆಗಳಿಂದ ಬೆಳೆದ ಆ ನಿಧಿ ಇಂದಿಗೂ ಥೇಮ್ಸ್ ನದಿಯ ಐದು ಸೇತುವೆಗಳನ್ನು ಸಾಕುತ್ತಿದೆ. ಮೈಸೂರಿನ ರಮ್ಯ ಚಿತ್ರಗಳನ್ನು ಕೊಂಡ ಊರು ತನ್ನ ಸೇತುವೆಯನ್ನು ಚಿತ್ರವಾಗಿ ಮಾತ್ರ ನೋಡಲಿಲ್ಲ, ಲೆಕ್ಕಪುಸ್ತಕವಾಗಿಯೂ ನೋಡಿತು.

ಇಲ್ಲಿ ಆ ಚಿತ್ರಗಳ ಕಣ್ಣಿನ ಬಗ್ಗೆ ಒಂದು ಮಾತು ಹೇಳಬೇಕು. ಹಂಟರನ ಸಂಪುಟದ ಹೆಸರಿನಲ್ಲಿದ್ದ ರಮ್ಯತೆಯ ಕಲ್ಪನೆ ಆ ಕಾಲದ ಇಂಗ್ಲೆಂಡಿನ ಒಂದು ಗೀಳು. ಅದರ ದೊಡ್ಡ ವಕ್ತಾರ ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ. ಅಚ್ಚುಕಟ್ಟಾದ ಕಟ್ಟಡ ಚಿತ್ರಕ್ಕೆ ಸಪ್ಪೆ, ಅದಕ್ಕೆ ಸೊಬಗು ಬರಬೇಕಾದರೆ ಉಳಿ ಬಿಟ್ಟು ಕೊಡತಿ ಹಿಡಿದು ಅರ್ಧವನ್ನು ಕೆಡವಬೇಕು ಎಂಬಂಥ ಮಾತನ್ನು ಅವನು ಬರೆದಿದ್ದ. ಚಿತ್ರಕಾರನ ದೃಷ್ಟಿಯಿಂದ ಅದು ನಿಜವಿದ್ದೀತು. ಮುರಿದ ಗೋಡೆ, ಅದರ ಸಂದಿಯಲ್ಲಿ ಬೆಳೆದ ಅರಳಿಗಿಡ, ಪಾಚಿ ಹಿಡಿದ ಕಂಬಗಳ ಮೇಲೆ ಬೀಳುವ ಸಂಜೆ ಬಿಸಿಲು ಯಾರ ಕಣ್ಣನ್ನು ಸೆಳೆಯುವುದಿಲ್ಲ? ಆದರೆ ಅದು ದೂರದಲ್ಲಿ ನಿಂತವನ ಕಣ್ಣು. ಅವನು ಆ ಗೋಡೆಯ ನೆರಳಲ್ಲಿ ಬದುಕಬೇಕಾಗಿಲ್ಲ, ಆ ಸೇತುವೆಯ ಮೇಲೆ ರಾಗಿ ಮೂಟೆ ಸಾಗಿಸಬೇಕಾಗಿಲ್ಲ.

ನನ್ನ ಅಳಲು ಪರದೇಶದ ಚಿತ್ರಕಾರರ ಮೇಲಲ್ಲ. ಅವರ ಕಣ್ಣು ನಮಗೆ ಬಂದುಬಿಟ್ಟಿದೆ ಎಂಬುದರ ಮೇಲೆ. ಹಳೆಯ ಸೇತುವೆಯ ಹತ್ತಿರ ಹೋದರೆ ನಾವು ಮೊದಲು ಎತ್ತುವುದು ಮೊಬೈಲು. ಮದುವೆಗೆ ಮುಂಚಿನ ಫೋಟೊಗೆ ಹಿನ್ನೆಲೆಯಾಗಿ, ರೀಲ್ಸಿಗೆ ಒಂದು ನಿಮಿಷದ ನೋಟವಾಗಿ ಅದು ಬೇಕು. ಬಿರುಕಿನಲ್ಲಿ ಆಲದ ಸಸಿ ಬೇರಿಳಿಸಿದ್ದರೆ ಇನ್ನೂ ಚೆನ್ನ. ಆ ಬೇರು ಕಲ್ಲನ್ನು ಸೀಳುತ್ತಿದೆ ಎಂದು ಹೇಳುವವನು ರಸಭಂಗ ಮಾಡಿದವನಾಗುತ್ತಾನೆ.

ಶಿವನಸಮುದ್ರದಲ್ಲಿ ಇದರ ಫಲ ಕಂಡಿದ್ದೇವೆ. ಅಲ್ಲಿಯ ಕಲ್ಲುಕಂಬದ ಹಳೆಯ ಸೇತುವೆಗಳು ರಾಮಸ್ವಾಮಿ ಮುದಲಿಯಾರ್ ಎಂಬ ದಾನಿಯ ಕೆಲಸ. ಮೈಸೂರಿನ ರೆಸಿಡೆಂಟರ ಕಚೇರಿಯ ನೌಕರಿಯಲ್ಲಿದ್ದವರು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪಾಳುಬಿದ್ದಿದ್ದ ಆ ದ್ವೀಪಕ್ಕೆ ಎರಡೂ ಕವಲುಗಳಿಂದ ದಾರಿ ಮಾಡಿಸಿದರು. ಆಳುವವರು ಮೆಚ್ಚಿ ಜಹಗೀರನ್ನೂ 'ಜನೋಪಕಾರ ಕಾಮಕರ್ತ' ಎಂಬ ಬಿರುದನ್ನೂ ಕೊಟ್ಟರು. ಸುಮಾರು ಎರಡು ಶತಮಾನಗಳ ಮಳೆಗಾಲ ಕಂಡ ಆ ಸೇತುವೆಗಳಲ್ಲಿ ಒಂದರ ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಅದಕ್ಕೂ ಮೊದಲು ಅದರ ಚಿತ್ರಕ್ಕೆ ಕೊರತೆಯಿರಲಿಲ್ಲ. ಪ್ರವಾಸದ ಪುಸ್ತಕಗಳಲ್ಲಿ, ಸಿನಿಮಾ ಪ್ರಿಯರ ಕಣ್ಣಲ್ಲಿ, ಪೇಟೆಯಿಂದ ಗಗನಚುಕ್ಕಿ-ಭರಚುಕ್ಕಿ ನೋಡಲು ಹೋದವರ ಆಲ್ಬಮ್‌ಗಳಲ್ಲಿ ಅದು ಇತ್ತು. ಕಟ್ಟಿಸಿದವರಿಗೆ ಬಿರುದು ಸಿಕ್ಕಿತ್ತು, ನೋಡಿದವರಿಗೆ ಚಿತ್ರ ಸಿಕ್ಕಿತ್ತು. ಕಾಯುವವರಿಗೆ ಯಾವ ಬಿರುದೂ ಇರಲಿಲ್ಲ.

ಒಂದು ಆಕ್ಷೇಪ ಬರಬಹುದು. ಈ ಹಳೆಯ ಸೇತುವೆಗಳ ಪಕ್ಕದಲ್ಲೇ ಹೊಸವು ಇವೆ, ಲಾರಿ ಬಸ್ಸುಗಳೆಲ್ಲ ಅವುಗಳ ಮೇಲೆ ಓಡುತ್ತವೆ. ಕೆಲಸಕ್ಕೆ ಬಾರದ ಹಳೆಯದಕ್ಕೆ, ಅದೂ ನಮ್ಮನ್ನು ಗೆದ್ದವನ ಹೆಸರಿನದಕ್ಕೆ, ಯಾಕೆ ದುಡ್ಡು ಸುರಿಯಬೇಕು? ಹೆಸರಿನ ವಿಷಯ ಮೊದಲು. ವೆಲ್ಲೆಸ್ಲಿ ಶ್ರೀರಂಗಪಟ್ಟಣದ ಸೇತುವೆಗೆ ಒಂದು ಕಲ್ಲನ್ನೂ ಹೊರಲಿಲ್ಲ. ಹೊತ್ತವರು ಈ ನಾಡಿನವರು. ಅದನ್ನು ಕೆಡಲು ಬಿಟ್ಟರೆ ಅವಮಾನ ವೆಲ್ಲೆಸ್ಲಿಗಲ್ಲ, ಅವರಿಗೆ. ಇನ್ನು ಉಪಯೋಗದ ವಿಷಯ. ಕಾಯುವುದು ಒಂದು ಅಭ್ಯಾಸ. ಇದು ಬೇಕಾದದ್ದು, ಇದು ಬೇಡದ್ದು ಎಂದು ನೋಡಿ ಆ ಅಭ್ಯಾಸ ಬರುವುದಿಲ್ಲ. ಬೇಡವಾದದ್ದನ್ನು ಕೈಬಿಡುವ ಮನಸ್ಸು ಮೆಲ್ಲಗೆ ಬೇಕಾದದ್ದನ್ನೂ ಕೈಬಿಡುತ್ತದೆ. 2024ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ 7ನೆಯ ತಾರೀಖಿನ ನಸುಕಿನ ಹೊತ್ತಿಗೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿಕೊಂಡದ್ದು ಪುಣ್ಯ. 'ಹಳೆಯ' ಎಂದರೂ ಅದರ ವಯಸ್ಸು ಸುಮಾರು ನಾಲ್ಕು ದಶಕ ಮಾತ್ರ, ರಾಷ್ಟ್ರೀಯ ಹೆದ್ದಾರಿಯ ದಿನನಿತ್ಯದ ದಾರಿಯಾಗಿತ್ತು ಅದು. ಅದೇ ವಾರ, 10ರ ರಾತ್ರಿ, ತುಂಬಿ ನಿಂತಿದ್ದ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಎಷ್ಟೋ ಜಿಲ್ಲೆಗಳ ರೈತರು ಉಸಿರು ಬಿಗಿಹಿಡಿದರು. ಆಗ ನಡೆದ ರಿಪೇರಿಯನ್ನು ನಾವು ಸಾಹಸವೆಂದು ಕೊಂಡಾಡಿದೆವು, ಅದು ಸಾಹಸವೇ ಹೌದು. ಆದರೆ ಪ್ರತಿವರ್ಷ ಸರಪಳಿಗೆ ಎಣ್ಣೆ ಹಚ್ಚಿ, ತುಕ್ಕು ನೋಡಿ, ವರದಿ ಬರೆಯುವವನ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅವನು ಸರಿಯಾಗಿ ಕೆಲಸ ಮಾಡಿದ ವರ್ಷ ಏನೂ ಆಗುವುದಿಲ್ಲ. 'ಏನೂ ಆಗಲಿಲ್ಲ' ಎಂಬುದು ಸುದ್ದಿಯಲ್ಲವಲ್ಲ!

ಸಮಾಜದ ಪುಣ್ಯದ ಲೆಕ್ಕ ಇಲ್ಲಿ ತಲೆಕೆಳಗಾಗಿದೆ. ಶಂಕುಸ್ಥಾಪನೆಗೆ ಕಲ್ಲಿದೆ, ಉದ್ಘಾಟನೆಗೆ ಕಲ್ಲಿದೆ. ಅವುಗಳ ಮೇಲೆ ಮಂತ್ರಿಯಿಂದ ಸದಸ್ಯರವರೆಗೆ ಹೆಸರುಗಳಿವೆ. ಹತ್ತು ವರ್ಷ ಸೇತುವೆಯ ಕೆಳಗಿನ ಕಸ ತೆಗೆದವನ ಹೆಸರಿನ ಕಲ್ಲನ್ನು ನಾನು ಎಲ್ಲೂ ಕಂಡಿಲ್ಲ. ಹಳೆಯ ಶಾಸನ ಹೊಸ ನಾಮಫಲಕಕ್ಕಿಂತ ಜಾಣತನದ್ದು ಎನ್ನಿಸುವುದು ಇದಕ್ಕೇ. ಅದರ ಮೊದಲ ಸಾಲುಗಳಲ್ಲಿ ಕೊಟ್ಟವನ ಹೊಗಳಿಕೆ ಇದ್ದರೂ ಕೊನೆಯ ಸಾಲುಗಳು ಕಾಯುವವನಿಗೆ ಮೀಸಲು.

ಈಗ ನಮ್ಮ ಊರಿಗೆ ಬರೋಣ. ಬಾಶೆಟ್ಟಿಹಳ್ಳಿಯಲ್ಲಿ ಚಿತ್ರಕಾರರು ಬಂದು ಬರೆದುಕೊಳ್ಳುವಂಥ ಸೇತುವೆ ಇಲ್ಲ. ಕೈಗಾರಿಕಾ ಪ್ರದೇಶವಿದೆ. ಶಿಫ್ಟ್ ಬದಲಾಗುವ ಹೊತ್ತಿಗೆ ರಸ್ತೆ ತುಂಬುವ ಬಸ್ಸು, ಬೈಕುಗಳಿವೆ. ಬೀದರಿನಿಂದ, ಬಿಹಾರದಿಂದ ಬಂದು ಬಾಡಿಗೆ ಕೋಣೆ ಹಿಡಿದವರಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ದಾಟಿ, ಶಿವನಸಮುದ್ರದಿಂದ ಕೆಳಗೆ ಸಂಗಮದಲ್ಲಿ ಕಾವೇರಿಯನ್ನು ಸೇರುವ ನದಿ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಹೋದದ್ದು ಮೊದಲು ಹೆಸರಘಟ್ಟದಿಂದಲೇ. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಅದಕ್ಕೆ ಜೊತೆಯಾಯಿತು. ಅಂದರೆ ರಾಜಧಾನಿ ದಶಕಗಳ ಕಾಲ ಕುಡಿದು ಬೆಳೆದದ್ದು ನಮ್ಮ ಹೊಳೆಯ ನೀರನ್ನು.

ಈಗ ಅದರ ಪಾತ್ರಕ್ಕೆ ಅಡ್ಡಲಾಗಿ ಮೋರಿಗಳಿವೆ, ಕಾಂಕ್ರೀಟಿನ ಸೇತುವೆಗಳಿವೆ, ಕೆಳಗೆ ನದಿ ಇಲ್ಲ. ಇದ್ದಲ್ಲಿ ನೊರೆಯಿದೆ. ಕಾರ್ಖಾನೆಗಳ ಮತ್ತು ಊರುಗಳ ಕೊಳಚೆ ಸೇರಿ ಮಜರಾಹೊಸಹಳ್ಳಿ, ದೊಡ್ಡತುಮಕೂರು ಕಡೆಯ ಕೆರೆಗಳು ಕೆಟ್ಟಿವೆ, ಕೊಳವೆಬಾವಿಯ ನೀರೂ ಕುಡಿಯಲು ಆಗದಂತಾಗಿದೆ ಎಂದು ಅಲ್ಲಿಯ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ಹೊಳೆ ಬತ್ತುವ ಕಾಲಕ್ಕೆ ಬೆಂಗಳೂರು ಕಾವೇರಿಯ ಕಡೆ ಕೈಚಾಚಿತು. ಇವತ್ತು ನಗರಕ್ಕೆ ನೀರು ಮೇಲೇರಿ ಬರುವುದು ಶಿವನಸಮುದ್ರದ ಸೀಮೆಯಿಂದ. ಹತ್ತಿರದ ಹೊಳೆಯನ್ನು ಕೈಬಿಟ್ಟು ದೂರದ ಹೊಳೆಯನ್ನು ಎತ್ತಿ ತಂದೆವು. ಕೈಬಿಟ್ಟದ್ದು ಕೊಳೆಯನ್ನು ಹೊತ್ತು ಮತ್ತೆ ಅದೇ ಕಾವೇರಿಗೆ ಇಳಿಯುತ್ತಿದೆ. ಇದಕ್ಕಿಂತ ಸ್ಪಷ್ಟವಾದ ಋಣದ ಲೆಕ್ಕ ಬೇಕೆ?

ಸೇತುವೆಯನ್ನು ಕಾಯುವುದೆಂದರೆ ಅದರ ಕಲ್ಲನ್ನಷ್ಟೇ ಕಾಯುವುದಲ್ಲ, ಅದರ ಕೆಳಗಿನ ನೀರನ್ನೂ ಕಾಯುವುದು. ನೀರಿಲ್ಲದ ಕಡೆ ಸೇತುವೆ ಬರಿಯ ಎತ್ತರದ ರಸ್ತೆ. ಶ್ರೀರಂಗಪಟ್ಟಣದಲ್ಲಿ ಹೊಳೆ ಉಳಿದಿದೆ, ಹಳೆಯ ಸೇತುವೆ ಆಸರೆ ಕೇಳುತ್ತಿದೆ. ನಮ್ಮಲ್ಲಿ ಹೊಸ ಸೇತುವೆಗಳು ಗಟ್ಟಿಯಾಗಿವೆ, ಹೊಳೆಯೇ ಆಸರೆ ಕೇಳುತ್ತಿದೆ. ಎರಡೂ ಕಡೆ ತಪ್ಪಿರುವುದು ಒಂದೇ: ದಾಟಿದವರು ತಿರುಗಿ ನೋಡಲಿಲ್ಲ.

ತಿರುಗಿ ನೋಡುವುದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಹಳೆಯ ಸೇತುವೆಗಳಿರುವ ಊರಿನವರು ಮಳೆಗಾಲಕ್ಕೆ ಮೊದಲು ಕಂಬಗಳ ಸಂದಿಯ ಸಸಿಗಳನ್ನು ಪುರಾತತ್ವ ಇಲಾಖೆಯ ಗಮನಕ್ಕೆ ತಂದು ತೆಗೆಸಲಿ. ಸಡಿಲಾದ ಕಲ್ಲಿನ ಲೆಕ್ಕ ಕೇಳಲಿ. ಹೊಸ ಸೇತುವೆಗೆ ಹಣ ಕೊಡುವ ಸರ್ಕಾರ ಅದೇ ಆದೇಶದಲ್ಲಿ ಅದರ ಪಾಲನೆಯ ಹಣವನ್ನೂ ಹೊಣೆಗಾರನ ಹುದ್ದೆಯನ್ನೂ ಬರೆಯಲಿ. ಬಿತ್ತುವಟ್ಟ ಬಿಟ್ಟವರ ನಾಡಿಗೆ ಇದು ಹೊಸ ಪಾಠವಲ್ಲ. ಇನ್ನು ನಾವು, ಬಾಶೆಟ್ಟಿಹಳ್ಳಿಯವರು, ದೊಡ್ಡಬಳ್ಳಾಪುರದವರು, ಅರ್ಕಾವತಿಯ ಮೋರಿಗಳನ್ನು ದಿನಕ್ಕೆರಡು ಸಲ ದಾಟುವವರು, ಮುಂದಿನ ಸಭೆಯಲ್ಲಿ, ಅದು ಪಂಚಾಯಿತಿಯದಾಗಲಿ, ಕಾರ್ಖಾನೆಯದಾಗಲಿ, ಒಂದೇ ಪ್ರಶ್ನೆ ಎತ್ತೋಣ: ಈ ಹೊಳೆಯನ್ನು ಈ ವರ್ಷ ಕಾಯುವ ಹೊಣೆ ಯಾರದು? ಹೆಸರು ಹೇಳುವವರೆಗೆ ಸಭೆ ಬಿಟ್ಟು ಏಳುವುದು ಬೇಡ. ಆ ಹೆಸರು ನಮ್ಮದೇ ಆಗುವಂತಿದ್ದರೆ ಹಿಂಜರಿಯುವುದೂ ಬೇಡ.